ಎರಡು ಊರು, ಎರಡು ಗಡಿಯಾರ: ಹುಬ್ಬಳ್ಳಿ-ಧಾರವಾಡಕ್ಕೆ ಬರುವವರಿಗೆ ಹದಿನೇಳು ಸೂತ್ರಗಳು

ಬ್ಯಾಂಕಾಕಿಗೋ ಸಿಂಗಪುರಕ್ಕೋ ಹೊರಟವರು ತಿಂಗಳು ಮೊದಲೇ ಪಟ್ಟಿ ಹಾಕುತ್ತಾರೆ. ಯಾವ ರೈಲಿಗೆ ಯಾವ ಕಾರ್ಡು, ಯಾವ ಗುಡಿಗೆ ಎಂಥ ಬಟ್ಟೆ, ಎಲ್ಲಿ ಚೌಕಾಸಿ ಮಾಡಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ಎಲ್ಲ ಬರೆದಿಟ್ಟುಕೊಳ್ಳುತ್ತಾರೆ. ಅದೇ ಜನ ಹುಬ್ಬಳ್ಳಿ-ಧಾರವಾಡಕ್ಕೆ ಬರುವಾಗ ಹಾವೇರಿ ದಾಟಿದ ಮೇಲೆ ಫೋನು ಮಾಡುತ್ತಾರೆ: "ಅಲ್ಲಿ ನೋಡೋಕೆ ಏನಿದೆ?"

ಧಾರವಾಡದ ನಮ್ಮ ಮನೆಗೆ ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ನೆಂಟರು ಬರುತ್ತಲೇ ಇರುತ್ತಾರೆ. ಕೆಲವರು ಎರಡು ದಿನದಲ್ಲಿ ಊರನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಇನ್ನು ಕೆಲವರು ಎರಡು ದಿನವೂ ಆಟೊದಲ್ಲೇ ಕಳೆದು, ಒಂದು ಡಬ್ಬಿ ಪೇಢೆ ಹಿಡಿದುಕೊಂಡು ಸುಸ್ತಾಗಿ ರೈಲು ಹತ್ತುತ್ತಾರೆ. ಗೆದ್ದವರನ್ನೂ ಸೋತವರನ್ನೂ ನೋಡಿ ನೋಡಿ ಮಾಡಿಟ್ಟ ಪಟ್ಟಿ ಇದು.

1. ಒಂದೇ ಊರು ಎಂದುಕೊಂಡು ಬರಬೇಡಿ

ಹೆಸರಿನ ನಡುವೆ ಇರುವುದು ಸಣ್ಣ ಅಡ್ಡಗೆರೆ. ನೆಲದ ಮೇಲೆ ಅದು ಸುಮಾರು 20 ಕಿಲೋಮೀಟರ್. 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರಪಾಲಿಕೆಯ ಕೊಡೆಯಡಿ ತಂದರು. ಒಂದೇ ಕೊಡೆಯಡಿ ಅರವತ್ತು ವರ್ಷ ನಡೆದ ಮೇಲೆ, 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಇಲ್ಲಿನವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಹುಬ್ಬಳ್ಳಿ ಹತ್ತಿ, ಅರಿವೆ, ಕಾಳುಕಡಿಯ ವ್ಯಾಪಾರದಿಂದ, ರೈಲಿನಿಂದ ಬೆಳೆದ ಎರೆಮಣ್ಣಿನ ಊರು. ಧಾರವಾಡ ಕೋರ್ಟು, ಕಾಲೇಜು, ಆಕಾಶವಾಣಿಗಳ ಸುತ್ತ ಕೂತ ಅರೆಮಲೆನಾಡಿನ ಊರು. ಒಂದರ ಗಡಿಯಾರ ಮುಂದೆ ಓಡುತ್ತದೆ, ಇನ್ನೊಂದರದು ಚಹಾ ಕುಡಿದು ಹೊರಡುತ್ತದೆ. ಆದ್ದರಿಂದ ಮೊದಲ ಸೂತ್ರವೇ ಮುಖ್ಯ ಸೂತ್ರ: ಧಾರವಾಡವನ್ನು ಬೆಳಿಗ್ಗೆ ನೋಡಿ, ಹುಬ್ಬಳ್ಳಿಯನ್ನು ಸಂಜೆ ನೋಡಿ. ತಿರುಗುಮುರುಗು ಮಾಡಿದರೆ ಎರಡೂ ಕೈತಪ್ಪುತ್ತವೆ.

2. ಇಳಿಯುವ ಊರು, ಇಳಿಯುವ ನಿಲ್ದಾಣ ಮೊದಲೇ ಗೊತ್ತುಮಾಡಿ

2023ರ ಜೂನ್ 27ರಂದು ಶುರುವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ಧಾರವಾಡದವರೆಗೂ ಬರುತ್ತದೆ. ಎಲ್ಲ ರೈಲುಗಳೂ ಬರುವುದಿಲ್ಲ. ಬಸ್ಸಿನಲ್ಲಿ ಬರುವವರು ಕಂಡಕ್ಟರನ್ನು ಇನ್ನೊಂದು ಪ್ರಶ್ನೆ ಕೇಳಲೇಬೇಕು: "ಹೊಸಾ ಬಸ್‌ಸ್ಟ್ಯಾಂಡೋ, ಹಳೇ ಬಸ್‌ಸ್ಟ್ಯಾಂಡೋ?" ಹುಬ್ಬಳ್ಳಿಯಲ್ಲಿ ದೂರದ ಬಸ್ಸುಗಳ ನಿಲ್ದಾಣ ಗೋಕುಲ ರಸ್ತೆಯಲ್ಲಿದೆ, ಹಳೆಯದು ಚೆನ್ನಮ್ಮ ವೃತ್ತದ ಮಗ್ಗುಲಿಗೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ನೆಂಟರನ್ನು ಹುಡುಕಿದವರ ಕಥೆ ಪ್ರತಿ ಮನೆಯಲ್ಲೂ ಒಂದಿರುತ್ತದೆ. ವಿಮಾನ ನಿಲ್ದಾಣವೂ ಗೋಕುಲ ರಸ್ತೆಯಲ್ಲೇ. ಉಳಿಯುವುದೆಲ್ಲಿ? ವ್ಯಾಪಾರ, ಮದುವೆ ಅರಿವೆ, ಆಸ್ಪತ್ರೆ ಕೆಲಸವಿದ್ದರೆ ಹುಬ್ಬಳ್ಳಿ. ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಸಾಹಿತ್ಯ, ಸಂಗೀತ ಎಂದಾದರೆ ಧಾರವಾಡ.

3. ಪ್ಲಾಟ್‌ಫಾರ್ಮಿನ ಉದ್ದ ಲೆಕ್ಕಕ್ಕೆ ಹಿಡಿಯಿರಿ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ ಇದು ಗೋರಖಪುರದ 1,366 ಮೀಟರ್ ದಾಖಲೆಯನ್ನು ಹಿಂದಿಕ್ಕಿ ಜಗತ್ತಿನಲ್ಲೇ ಉದ್ದನೆಯದಾಯಿತು. ಫೋಟೊಗೆ ಚೆಂದ, ಆದರೆ ಕೈಯಲ್ಲಿ ಎರಡು ಪೆಟ್ಟಿಗೆ, ಕಂಕುಳಲ್ಲಿ ಕೂಸು ಇದ್ದವರಿಗೆ ಒಂದೂವರೆ ಕಿಲೋಮೀಟರ್ ಎಂದರೆ ಏನೆಂದು ಆಗ ತಿಳಿಯುತ್ತದೆ. ಕರೆಯಲು ಬರುವವರಿಗೆ ರೈಲಿನ ಹೆಸರಷ್ಟೇ ಅಲ್ಲ, ಪ್ಲಾಟ್‌ಫಾರ್ಮ್, ಬೋಗಿಯ ಸಂಖ್ಯೆ, ಯಾವ ಬಾಗಿಲಿನಿಂದ ಹೊರಬರುತ್ತೀರಿ ಎಂಬುದನ್ನೂ ಹೇಳಿ. ನಿಲ್ದಾಣಕ್ಕೆ ಗದಗ ರಸ್ತೆಯ ಕಡೆಯಿಂದಲೂ ಬಾಗಿಲಿದೆ. ಹೊರಡುವ ದಿನ ಕಾಲು ತಾಸು ಹೆಚ್ಚಿಗೆ ಇಟ್ಟುಕೊಳ್ಳಿ. ಮಕ್ಕಳು ಜೊತೆಗಿದ್ದು ಸಮಯ ಮಿಕ್ಕರೆ, ಗದಗ ರಸ್ತೆಯ ಬದಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವಿದೆ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಇರುವ ಊರಿನಲ್ಲಿ ರೈಲಿನ ಕಥೆ ಕೇಳದೆ ಹೋಗಬಾರದು.

4. ಚಿಗರಿ ಹತ್ತುವುದು ಕಲಿಯಿರಿ

ಎರಡೂ ಊರುಗಳ ನಡುವೆ ಓಡಾಡಲು ಚಿಗರಿಯಂಥ ಸುಖ ಬೇರೆ ಇಲ್ಲ. ಚಿಗರಿ ಎಂದರೆ ಈ ಕಡೆಯ ಮಾತಿನಲ್ಲಿ ಜಿಂಕೆ. ತಮ್ಮದೇ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸುಗಳಿಗೆ ಇಟ್ಟ ಹೆಸರು ಅದು. 2018ರಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಗಿ, 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಮೂರು ವಿಷಯ ನೆನಪಿಡಿ. ಒಂದು, ನಿಲ್ದಾಣ ರಸ್ತೆಯ ಬದಿಗಿಲ್ಲ, ನಡುವೆ ಇದೆ. ಫುಟ್‌ಪಾತಿನಲ್ಲಿ ನಿಂತು ಕೈ ಬೀಸಿದರೆ ಚಿಗರಿ ನಿಮ್ಮನ್ನು ನೋಡದೆ ಜಿಗಿದು ಹೋಗುತ್ತದೆ. ಎರಡು, ಬಸ್ಸು ಹತ್ತಿದ ಮೇಲೆ ಟಿಕೆಟ್ ತೆಗೆಸುವ ರೂಢಿ ಇಲ್ಲಿ ನಡೆಯದು. ನಿಲ್ದಾಣದ ಕೌಂಟರಿನಲ್ಲೇ ಕೊಂಡು ಒಳಗೆ ಹೋಗಬೇಕು, ಇಳಿಯುವವರೆಗೂ ಚೀಟಿ ಎಸೆಯಬಾರದು. ಮೂರು, ಎಲ್ಲ ಕಡೆ ನಿಲ್ಲುವ ಬಸ್ಸೂ ಇದೆ, ಕೆಲವೇ ಕಡೆ ನಿಲ್ಲುವ ಎಕ್ಸ್‌ಪ್ರೆಸ್ಸೂ ಇದೆ. ಉಣಕಲ್ ಕೆರೆಗೋ ನವನಗರಕ್ಕೋ ಹೋಗಬೇಕಾದವರು ಬೋರ್ಡು ಓದದೆ ಹತ್ತಿದರೆ ನೇರ ಧಾರವಾಡ ಕಾಣುತ್ತಾರೆ. ಕಂಡರೂ ನಷ್ಟವಿಲ್ಲ, ಆದರೆ ಅದು ಬೇರೆ ಮಾತು.

5. ಆಟೊ ಬಾಡಿಗೆ ಹತ್ತುವ ಮೊದಲೇ ಮಾತಾಡಿ

ಮೀಟರಿನ ಆಸೆ ಬಿಡಿ. "ಎಷ್ಟ್ ತಗೋತೀರಿ ಅಣ್ಣಾ?" ಎಂದು ಮೊದಲೇ ಕೇಳಿ, ಒಪ್ಪಿಗೆಯಾದ ಮೇಲೆ ಕೂಡಿ. ಹೊರಡುವ ಮೊದಲು ಮನೆಯವರನ್ನೋ ಅಂಗಡಿಯವರನ್ನೋ ನ್ಯಾಯವಾದ ಬಾಡಿಗೆ ಎಷ್ಟೆಂದು ಕೇಳಿಟ್ಟುಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಶೇರ್ ಆಟೊದಲ್ಲಿ ಹೋಗುವುದಾದರೆ ಅದನ್ನೂ ಮೊದಲೇ ಹೇಳಿ. ಇಲ್ಲದಿದ್ದರೆ ಇಡೀ ಆಟೊದ ಬಾಡಿಗೆ ನಿಮ್ಮ ತಲೆಯ ಮೇಲೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತ ದಾಟುವ ಹಾದಿಯಾದರೆ ಸಮಯವನ್ನು ಧಾರಾಳವಾಗಿ ಇಡಿ. ಮೇಲ್ಸೇತುವೆ ಕೆಲಸ ಶುರುವಾದ ಮೇಲಂತೂ ಅಲ್ಲಿನ ಗಡಿಯಾರ ತನ್ನದೇ ಲೆಕ್ಕದಲ್ಲಿ ನಡೆಯುತ್ತದೆ.

6. ಪ್ರತಿ ಮಾತಿನ ಬಾಲಕ್ಕೆ 'ರೀ' ಕಟ್ಟಿ

ಈ ಊರುಗಳ ಪಾಸ್‌ಪೋರ್ಟ್ ಎರಡಕ್ಷರದ್ದೂ ಅಲ್ಲ, ಒಂದೇ ಅಕ್ಷರದ್ದು. "ಎಷ್ಟು?" ಎಂದರೆ ಗಿರಾಕಿ, "ಎಷ್ಟ್ರಿ?" ಎಂದರೆ ಮನೆಯವರು. ಹೌದ್ರಿ, ಇಲ್ರಿ, ಬ್ಯಾಡ್ರಿ, ಸಾಕ್ರಿ, ಬರ್ರಿ: ಈ ಐದು ಕಲಿತರೆ ಎರಡು ದಿನ ಸಾಗುತ್ತದೆ. ವಯಸ್ಸಾದ ಅಂಗಡಿಯವರನ್ನು "ಕಾಕಾ" ಎನ್ನಿ, ಹೆಣ್ಣುಮಕ್ಕಳನ್ನು "ಅಕ್ಕಾರ" ಎನ್ನಿ. ಬೆಂಗಳೂರಿನ "ಗುರು", "ಮಗಾ" ಇಲ್ಲಿ ಬೇಡ. ಇನ್ನೊಂದು ಎಚ್ಚರ: ಇಲ್ಲಿನವರ ದನಿ ಗಟ್ಟಿ. ಇಬ್ಬರು ಜಗಳವಾಡುತ್ತಿದ್ದಾರೆ ಎಂದು ಬಿಡಿಸಲು ಹೋದರೆ, ಅವರು ಒಬ್ಬರನ್ನೊಬ್ಬರು ಊಟಕ್ಕೆ ಕರೆಯುತ್ತಿರುತ್ತಾರೆ. "ಅಡ್ಡಿ ಇಲ್ರಿ" ಎಂಬುದರ ಅರ್ಥವನ್ನೂ ತಿಳಿದಿರಿ. ಅದು ಒಪ್ಪಿಗೆ, ಒಮ್ಮೊಮ್ಮೆ ಹೊಗಳಿಕೆ. ಧಾರವಾಡದ ರಸಿಕರು ಹಾಡುಗಾರಿಕೆಯ ಬಗ್ಗೆ "ಅಡ್ಡಿ ಇಲ್ಲ" ಎಂದರೆ ಕಲಾವಿದರು ಸಮಾಧಾನದಿಂದ ಮನೆಗೆ ಹೋಗಬಹುದು.

7. 'ಇಲ್ಲೇ ಐತ್ರಿ' ಎಂಬುದಕ್ಕೆ ನಾಲ್ಕು ಪಟ್ಟು ಹಾಕಿ

ದಾರಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಗಾಡಿ ನಿಲ್ಲಿಸಿ ಹೇಳುತ್ತಾರೆ, ಕೆಲವರು ಜೊತೆಗೇ ಬರುತ್ತಾರೆ. ಆದರೆ "ಇಲ್ಲೇ ಐತ್ರಿ, ಸೀದಾ ಹೋಗ್ರಿ" ಎಂದರೆ ಅದು ಇನ್ನೂರು ಹೆಜ್ಜೆಯೂ ಆಗಬಹುದು, ಎರಡು ಕಿಲೋಮೀಟರೂ ಆಗಬಹುದು. ಗುರುತು ಕೇಳಿ: ಯಾವ ಗುಡಿ, ಯಾವ ನಾಕಾ, ಯಾವ ಓಣಿ. ಧಾರವಾಡದಲ್ಲಿ ಟೋಲ್ ನಾಕಾ, ಜುಬಿಲಿ ಸರ್ಕಲ್, ಕೋರ್ಟ್ ಸರ್ಕಲ್. ಹುಬ್ಬಳ್ಳಿಯಲ್ಲಿ ಚೆನ್ನಮ್ಮ ಸರ್ಕಲ್, ಹೊಸೂರು, ದುರ್ಗದ ಬೈಲು. ಇಷ್ಟು ಹೆಸರು ಬಾಯಿಪಾಠವಿದ್ದರೆ ಫೋನಿನ ನಕ್ಷೆ ಕೈಕೊಟ್ಟರೂ ಊರು ಕೈಬಿಡುವುದಿಲ್ಲ.

8. ಧಾರವಾಡದ ಬೆಳಗನ್ನು ಸಾಧನಕೇರಿಯಿಂದ ಶುರುಮಾಡಿ

ದ.ರಾ. ಬೇಂದ್ರೆಯವರು ಬಾಳಿದ ಸಾಧನಕೇರಿಗೆ ಬಿಸಿಲೇರುವ ಮೊದಲೇ ಹೋಗಿ. ಕೆರೆಯ ದಂಡೆ, ಅವರ ಮನೆ, ಪಕ್ಕದಲ್ಲೇ ಬೇಂದ್ರೆ ಭವನ. 1896ರಲ್ಲಿ ಹುಟ್ಟಿ, 1973ರ ಜ್ಞಾನಪೀಠ ಪಡೆದು, 1981ರಲ್ಲಿ ತೀರಿಕೊಂಡ ಕವಿಯ ಊರನ್ನು ನಡೆದೇ ನೋಡಬೇಕು. ಜನವರಿ 31ರ ಹೊತ್ತಿಗೆ ಬಂದರೆ ಅವರ ಹುಟ್ಟುಹಬ್ಬದ ಸಮಾರಂಭವೂ ಸಿಗುತ್ತದೆ. ಅಲ್ಲಿಂದ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡಕ್ಕೆ ಹೋಗಿ. 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ ಇದು. ಆವರಣದಲ್ಲಿ 1939ರಷ್ಟು ಹಿಂದೆಯೇ ಹುಟ್ಟಿದ ಕನ್ನಡ ಸಂಶೋಧನಾ ಸಂಸ್ಥೆಯೂ ಅದರ ವಸ್ತುಸಂಗ್ರಹಾಲಯವೂ ಇವೆ. ಶಾಸನ, ಶಿಲ್ಪ, ಹಸ್ತಪ್ರತಿಗಳಲ್ಲಿ ಆಸೆಯಿದ್ದವರು ಕಚೇರಿ ದಿನ ನೋಡಿಕೊಂಡು ಬನ್ನಿ. ನೀರಿನ ಮೂಲ ಹುಡುಕುವವರು ಸೋಮೇಶ್ವರ ಗುಡಿಗೆ ಹೋಗಬಹುದು. ಶಾಲ್ಮಲೆ ಹುಟ್ಟುವುದು ಅಲ್ಲಿ. ದೊಡ್ಡ ಪ್ರವಾಹ ಕಾಣಬಯಸಿ ಹೋಗಬೇಡಿ. ಆಕೆ ಗುಪ್ತಗಾಮಿನಿ, ಧಾರವಾಡದ ಮಂದಿಯ ಹಾಗೆ ತನ್ನ ದೊಡ್ಡಸ್ತಿಕೆಯನ್ನು ಒಳಗೇ ಇಟ್ಟುಕೊಂಡವಳು.

9. ಮಧ್ಯಾಹ್ನ ಒಂದರಿಂದ ನಾಲ್ಕು ಯಾರ ಕದವನ್ನೂ ಬಡಿಯಬೇಡಿ

ಧಾರವಾಡದಲ್ಲಿ ಊಟದ ನಂತರದ ನಿದ್ದೆ ಆಸ್ತಿಯ ಹಕ್ಕಿನಷ್ಟೇ ಗಟ್ಟಿ. ಹಳೆಯ ಅಂಗಡಿಗಳಲ್ಲಿ ಕೆಲವು ಬಾಗಿಲು ಎಳೆದಿರುತ್ತವೆ, ಹಿರಿಯರು ಅಡ್ಡಾಗಿರುತ್ತಾರೆ. ಸಾಹಿತಿಗಳನ್ನೋ ಕಲಾವಿದರನ್ನೋ ಕಾಣಬೇಕಿದ್ದರೆ ಬೆಳಿಗ್ಗೆ ಹತ್ತರೊಳಗೆ ಇಲ್ಲವೇ ಸಂಜೆ ಐದರ ಮೇಲೆ ಹೋಗಿ, ಚಹಾ ಖಾತ್ರಿ. ಈ ಮೂರು ತಾಸು ನಿಮಗೆ ಚಿಗರಿಯಲ್ಲಿ ಹುಬ್ಬಳ್ಳಿಗೆ ಜಾರಲು ಸರಿಯಾದ ಸಮಯ. ಹುಬ್ಬಳ್ಳಿಯ ಪೇಟೆ ಆ ಹೊತ್ತಿಗೂ ಎಚ್ಚರ.

10. ಅಟ್ಟ ಹತ್ತಿ

ಧಾರವಾಡದ ಸುಭಾಸ ರಸ್ತೆಯಲ್ಲಿ ಒಂದು ಅಟ್ಟವಿದೆ. 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯದು. ಜಡಭರತ ಎಂಬ ಹೆಸರಿನಲ್ಲಿ ನಾಟಕ ಬರೆಯುತ್ತಿದ್ದ ಜಿ.ಬಿ. ಜೋಶಿಯವರು ಅದನ್ನು ಬೆಳೆಸಿದರು. ಕೀರ್ತಿನಾಥ ಕುರ್ತಕೋಟಿಯವರು ಜೊತೆಗಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಪುಸ್ತಕ ಕೊಳ್ಳಲು ಹೋದವರು ಮಾತಿಗೆ ಸಿಕ್ಕಿಬೀಳುವ ಜಾಗ ಇದು. ಇಲ್ಲಿಂದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋಗಿ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಕಟ್ಟಿದ ಸಂಘ ಅದು. ಮುಂಬಯಿ ಪ್ರಾಂತದಲ್ಲಿ ಮರಾಠಿಯ ನೆರಳಿನಲ್ಲಿದ್ದ ಕನ್ನಡಕ್ಕೆ ಮೊದಲು ಮಣೆ ಹಾಕಿದ ಮನೆ. ಅಲ್ಲಿನ ಸಭಾಂಗಣದಲ್ಲಿ ಆಗಾಗ ಏನಾದರೂ ನಡೆಯುತ್ತಲೇ ಇರುತ್ತದೆ. ಫಲಕ ಓದಿ, ಒಳಗೆ ಹೋಗಿ ಕೂಡಿ. ಆಮಂತ್ರಣ ಇದೆಯೇ ಎಂದು ಧಾರವಾಡದಲ್ಲಿ ಯಾರೂ ಕೇಳುವುದಿಲ್ಲ, ಮುಂದಿನ ಸಾಲಿನಲ್ಲಿ ಕೂಡಿರೆಂದು ಒತ್ತಾಯ ಮಾಡುತ್ತಾರೆ.

11. ಸಂಗೀತಕ್ಕೆ ಒಂದು ಸಂಜೆ ಮೀಸಲಿಡಿ

ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡ ಹಿಂದುಸ್ತಾನಿ ಹಾಡುಗಾರರು ಹೇಗೆ ಹುಟ್ಟಿದರು ಎಂದು ಎಲ್ಲರೂ ಕೇಳುತ್ತಾರೆ. ಉತ್ತರದ ಒಂದು ತುದಿ ದಾರಿಯಲ್ಲಿದೆ. ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರು ಮೈಸೂರು ಅರಮನೆಗೆ ಹೋಗುವ ಬರುವ ಹಾದಿ ಇದು. ಹಾದಿಯಲ್ಲಿ ಇಳಿದವರು ಶಿಷ್ಯರನ್ನು ಬಿಟ್ಟುಹೋದರು. ಖಾನರ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅವರ ಶಿಷ್ಯರು ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಮನೆ 'ಗಂಗಾಲಹರಿ', ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ'. ತೆರೆದಿರುವ ವೇಳೆ ವಿಚಾರಿಸಿಕೊಂಡು ಎರಡೂ ಕಡೆ ಹೋಗಿ. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳದ ನಾಡಗೀರ ವಾಡೆಯನ್ನೂ ಸೇರಿಸಿಕೊಳ್ಳಬಹುದು. ಕಛೇರಿ ಸಿಕ್ಕರೆ ಒಂದೇ ನಿಯಮ: ನಿಧಾನಗತಿಯ ವಿಲಂಬಿತ ಮುಗಿಯುವ ಮೊದಲು ಏಳಬೇಡಿ. ಹಿಂದೆ ಕೂತ ಪಂಚೆಯ ಅಜ್ಜ ನಿಮ್ಮನ್ನೇ ನೋಡುತ್ತಿರುತ್ತಾನೆ.

12. ಊಟಕ್ಕೆ ಖಾನಾವಳಿ ಹುಡುಕಿ, ಹೋಟೆಲ್ಲು ಬೇಡ

ಗಿರಾಕಿ ಕೂತ ಮೇಲೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಝುಣಕ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು. ಎಲೆಯ ಮೂಲೆಯಲ್ಲಿ ಕೆಂಪಗೆ ಕೂತ ಕೆಂಪುಖಾರವನ್ನು ಮೊದಲ ತುತ್ತಿಗೇ ಮುಟ್ಟಬೇಡಿ. ಮೊಸರಿನ ಜೊತೆ ಪರಿಚಯ ಮಾಡಿಕೊಳ್ಳಿ. ರೊಟ್ಟಿಯನ್ನು ಎರಡೂ ಕೈಯಲ್ಲಿ ಮುರಿದರೆ ಯಾರೂ ನಗುವುದಿಲ್ಲ, ಚಮಚ ಕೇಳಿದರೆ ನಗಬಹುದು. ಬಡಿಸುವವರು ಮೂರನೇ ರೊಟ್ಟಿಗೆ ಬಂದಾಗ "ಸಾಕ್ರಿ" ಎಂದು ಒಂದು ಸಲ ಹೇಳಿದರೆ ಅದು ಸಂಕೋಚ. ತಟ್ಟೆಗೆ ಕೈ ಅಡ್ಡ ಹಿಡಿದರೆ ಮಾತ್ರ ನಿಜ. ಮಾಂಸಾಹಾರಿಗಳು ಹುಬ್ಬಳ್ಳಿಯ ಸಾವಜಿ ಖಾನಾವಳಿಗೆ ಹೋಗಿ. ಖಾರಕ್ಕೆ ಹೆದರುವವರು ಹೋಗುವ ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಿ, ಮಾರನೇ ಬೆಳಿಗ್ಗೆ ದೂರದ ಪ್ರಯಾಣ ಇಟ್ಟುಕೊಳ್ಳಬೇಡಿ.

13. ದುರ್ಗದ ಬೈಲಿಗೆ ಹಸಿದು ಹೋಗಿ

ಹುಬ್ಬಳ್ಳಿಯ ನಿಜವಾದ ಮುಖ ಸಂಜೆ ಆರರ ಮೇಲೆ ದುರ್ಗದ ಬೈಲಿನಲ್ಲಿ ಕಾಣುತ್ತದೆ. ಮೊದಲು ಗಿರ್ಮಿಟ್: ಚುರಮುರಿಗೆ ಉಳ್ಳಾಗಡ್ಡಿ-ಟೊಮೆಟೊ-ಹುಣಸೆಹುಳಿಯ ಗೊಜ್ಜು, ಪುಠಾಣಿ ಹಿಟ್ಟು ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ ಉದುರಿಸಿ ಕೊಡುತ್ತಾರೆ. ಪಕ್ಕಕ್ಕೆ ಮಿರ್ಚಿ ಭಜಿ ಇರಲೇಬೇಕು. ಗಿರ್ಮಿಟ್ ಕಟ್ಟಿಸಿಕೊಂಡು ಹೋಗುವ ತಪ್ಪು ಮಾಡಬೇಡಿ; ಐದು ನಿಮಿಷದಲ್ಲಿ ಚುರಮುರಿ ಮೆತ್ತಗಾಗಿ ಅದು ಬೇರೆಯೇ ತಿನಿಸಾಗುತ್ತದೆ. ಯಾವ ಗಾಡಿ ಒಳ್ಳೆಯದು ಎಂದು ಕೇಳುವ ಬದಲು ಎಲ್ಲಿ ಮನೆಮಂದಿಯೆಲ್ಲ ನಿಂತು ತಿನ್ನುತ್ತಿದ್ದಾರೆ ನೋಡಿ. ಎಣ್ಣೆಯಿಂದ ಭಜಿ ಈಗಷ್ಟೇ ಮೇಲೆದ್ದಿದೆಯೇ ನೋಡಿ. ನೀರಿನ ಬಾಟಲಿ ನಿಮ್ಮದೇ ಇರಲಿ. ಗದ್ದಲದಲ್ಲಿ ಜೇಬಿನ ಮೇಲೊಂದು ಕೈ ಇರಲಿ, ಇನ್ನೊಂದು ಕೈ ಮಿರ್ಚಿಗೆ.

14. ಪೇಢೆ ಕೊಳ್ಳುವುದಕ್ಕೂ ಕ್ರಮವಿದೆ

ಹತ್ತೊಂಬತ್ತನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಹೊಟ್ಟೆಪಾಡಿಗೆ ಶುರುಮಾಡಿದ ಮಿಠಾಯಿ ಇಂದು ಊರಿನ ಗುರುತಾಗಿದೆ. ಭೌಗೋಳಿಕ ಸೂಚಕ ಮಾನ್ಯತೆಯನ್ನೂ ಪಡೆದಿದೆ. ಹಾಲನ್ನು ಬತ್ತಿಸಿ, ಖವೆಯನ್ನು ಕಂದು ಬಣ್ಣಕ್ಕೆ ಬರುವವರೆಗೆ ಹುರಿದು, ಸಕ್ಕರೆಯಲ್ಲಿ ಹೊರಳಿಸುವುದೇ ಅದರ ಗುಟ್ಟು. ಬಿಳಿ ಪೇಢೆಗೂ ಇದಕ್ಕೂ ಇರುವ ಅಂತರ ಆ ಹುರಿತದಲ್ಲಿದೆ. ಧಾರವಾಡದ ಲೈನ್ ಬಜಾರಿನ ಠಾಕೂರ್ ಪೇಢೆಗೆ ಬೆಳಿಗ್ಗೆಯೇ ಸಾಲು ನಿಲ್ಲಿ. ಅವತ್ತಿನದು ಮುಗಿದರೆ ಮುಗಿಯಿತು. ಸಾಲಿಗೆ ವ್ಯವಧಾನವಿಲ್ಲದವರಿಗೆ ಎರಡೂ ಊರುಗಳ ಮೂಲೆಮೂಲೆಯಲ್ಲಿ ಮಿಶ್ರಾ ಪೇಢೆಯಿದೆ. ಯಾವುದು ಹೆಚ್ಚು ಎಂದು ನಾಲ್ಕು ಜನರ ನಡುವೆ ಕೇಳಬೇಡಿ, ಊಟ ತಡವಾಗುತ್ತದೆ. ಹೊರಡುವ ದಿನವೇ ಕೊಳ್ಳಿ, ಡಬ್ಬಿಯನ್ನು ಬಿಸಿಲಿನ ಕಿಟಕಿಯ ಪಕ್ಕ ಇಡಬೇಡಿ.

15. ಖರೀದಿಗೆ ಬಟ್ಟೆಯ ಬೆನ್ನು ನೋಡಿ

ಹುಬ್ಬಳ್ಳಿಯ ಜವಳಿ ಸಾಲು, ದಾಜಿಬಾನ್ ಪೇಟೆಗಳಲ್ಲಿ ಇಳಕಲ್ ಸೀರೆ, ಖಣ, ಕಸೂತಿ ಎಲ್ಲ ಸಿಗುತ್ತದೆ. ಕಸೂತಿ ಕೊಳ್ಳುವಾಗ ಸೀರೆಯನ್ನು ತಿರುಗಿಸಿ ಹಿಂಬದಿ ನೋಡಿ. ಗವಂತಿ, ಮುರಗಿ ಹೊಲಿಗೆಗಳು ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಕಾಣಬಾರದು. ಹಿಂದೆ ದಾರದ ಗೋಜಲು ಇದ್ದರೆ ಅದು ಯಂತ್ರದ ಕೆಲಸ. ಬೆಲೆಯೂ ಹಾಗೆಯೇ ಇರಬೇಕು. ಮನೆಗೆ ಏನಾದರೂ ಬೇಕೆಂದರೆ ನವಲಗುಂದದ ಜಮಖಾನ, ಮೊಮ್ಮಗು ಬರುವ ಮನೆಯಾದರೆ ಬಣ್ಣಬಣ್ಣದ ಕಲಘಟಗಿ ತೊಟ್ಟಿಲು. ಯಾರೂ ಪಟ್ಟಿಯಲ್ಲಿ ಬರೆಯದ ಜಾಗ ಒಂದಿದೆ: ಹುಬ್ಬಳ್ಳಿಯ ಬೆಂಗೇರಿ. 1957ರ ನವೆಂಬರ್ 1ರಂದು ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಅಲ್ಲಿ ಬಿಐಎಸ್ ಮಾನದಂಡದ ಖಾದಿ ರಾಷ್ಟ್ರಧ್ವಜ ಮಾಡುತ್ತಾರೆ. ಮೇಜಿನ ಮೇಲಿಡುವ ಆರು ಇಂಚು-ನಾಲ್ಕು ಇಂಚಿನದರಿಂದ 21 ಅಡಿ-14 ಅಡಿಯವರೆಗೆ. 2021ರ ಡಿಸೆಂಬರಿನ ತಿದ್ದುಪಡಿ ಪಾಲಿಯೆಸ್ಟರ್ ಧ್ವಜಕ್ಕೂ ಬಾಗಿಲು ತೆರೆದ ಮೇಲೆ ಈ ಖಾದಿ ಧ್ವಜಗಳಿಗೆ ಪೈಪೋಟಿ ಹೆಚ್ಚಿದೆ. ಒಂದು ಧ್ವಜ ಕೊಂಡರೆ ನೂಲುವ ಕೈಗೆ ಕೂಲಿ ಸಿಗುತ್ತದೆ.

16. ಗುಡಿ, ಮಠ, ಮಳೆ, ಹಬ್ಬ ಹೊಂದಿಸಿಕೊಳ್ಳಿ

ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋದರೆ ದಾಸೋಹದ ಪ್ರಸಾದ ಬಿಟ್ಟು ಬರಬೇಡಿ. 1929ರಲ್ಲಿ ಸಮಾಧಿಯಾದ ಅಜ್ಜನ ಸನ್ನಿಧಿಯಲ್ಲಿ ಜಾತಿ ಕೇಳುವವರಿಲ್ಲ, ಊಟದ ಸಾಲು ಒಂದೇ. ಶಿವರಾತ್ರಿಯ ಜಾತ್ರೆಗೆ ಬರುವುದಾದರೆ ಕೋಣೆ ಮೊದಲೇ ಹಿಡಿದಿಡಿ. ಉಣಕಲ್ ಕೆರೆಯ ಸೂರ್ಯಾಸ್ತಕ್ಕೆ ಎಲ್ಲರೂ ಹೋಗುತ್ತಾರೆ, ಅದೇ ಊರೊಳಗಿನ ಓಣಿಯಲ್ಲಿರುವ ಚಂದ್ರಮೌಳೇಶ್ವರ ಗುಡಿಗೆ ಹೋಗುವವರು ಕಡಿಮೆ. ಚಾಲುಕ್ಯರ ಕಾಲದ ಆ ಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಕೆರೆಗೆ ಅರ್ಧ ತಾಸು ಮೊದಲು ಅಲ್ಲಿ ನಿಂತು ಬನ್ನಿ.

ಬರಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರುವರಿ. ಏಪ್ರಿಲ್-ಮೇ ಬಿಸಿಲು ಗಟ್ಟಿ. ಆದರೆ ಆಪೂಸು ಮಾವಿನ ಕಾಲವೂ ಅದೇ, ಲೆಕ್ಕ ನಿಮ್ಮದು. ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಒಣ ಬಿಸಿಲಿದ್ದರೂ ಧಾರವಾಡದಲ್ಲಿ ಜಿಟಿಜಿಟಿ ಹಿಡಿದಿರಬಹುದು. 20 ಕಿಲೋಮೀಟರಿಗೆ ಕೊಡೆ ಬೇಕೇ ಎಂದು ನಗಬೇಡಿ, ತನ್ನಿ. ಹುಬ್ಬಳ್ಳಿಯಲ್ಲಿ ಬಣ್ಣದಾಟದ ದೊಡ್ಡ ದಿನ ರಂಗಪಂಚಮಿ. ಅವತ್ತು ಬಿಳಿ ಬಟ್ಟೆಯಲ್ಲಿ ರೈಲು ಹಿಡಿಯಲು ಹೊರಟರೆ ಬಿಳಿ ಬಟ್ಟೆಯಲ್ಲಿ ತಲುಪುವುದಿಲ್ಲ. ಗಣೇಶ ವಿಸರ್ಜನೆಯ ರಾತ್ರಿಗಳಲ್ಲಿ ಪೇಟೆಯೊಳಗೆ ಗಾಡಿ ಒಯ್ಯಬೇಡಿ, ನಡೆದೇ ನೋಡಿ. ಸ್ವಂತ ಕಾರಿನಲ್ಲಿ ಬರುವವರಿಗೆ ಒಂದು ಮಾತು: ಊರಿನ ಹೊರಗಿನ ಬೈಪಾಸು ಬಹುಕಾಲ ಎರಡೇ ಪಥದಲ್ಲಿ ಜೀವ ಹಿಂಡಿದ ರಸ್ತೆ. ಅಗಲೀಕರಣದ ಕೆಲಸ ನಡೆಯುವ ಕಡೆ ರಾತ್ರಿ ಮುಂದಿನ ಲಾರಿಯನ್ನು ಹಿಂದಿಕ್ಕುವ ಆಟ ಬೇಡ.

17. ಹೊರಡಲು ಎರಡು ತಾಸು ಮೊದಲೇ ಏಳಿ

ಕೊನೆಯ ಸೂತ್ರವನ್ನು ಮರೆತೇ ಹೆಚ್ಚು ಜನ ರೈಲು ತಪ್ಪಿಸಿಕೊಂಡಿದ್ದಾರೆ. ನಿಮ್ಮ ರೈಲು ಹುಬ್ಬಳ್ಳಿಯಿಂದ, ನೀವು ಕೂತಿರುವುದು ಧಾರವಾಡದ ಮನೆಯಲ್ಲಿ. ಚಿಗರಿಗೆ, ಚೆನ್ನಮ್ಮ ವೃತ್ತಕ್ಕೆ, ಪ್ಲಾಟ್‌ಫಾರ್ಮಿಗೆ ಸೇರಿ ಒಂದು ತಾಸು ಎಂದು ಲೆಕ್ಕ ಹಾಕಿ ಸರಿಯಾದ ವೇಳೆಗೆ "ಬರ್ತೀವ್ರಿ" ಎಂದು ಎದ್ದು ನಿಲ್ಲುತ್ತೀರಿ. ಆಗ ಅಜ್ಜಿ ಒಳಗಿನಿಂದ ಕುಂಕುಮದ ಭರಣಿ ತರುತ್ತಾಳೆ. ಯಜಮಾನರು, "ಇಷ್ಟ್ಯಾಕ ಗಡಿಬಿಡಿ, ಕೂಡ್ರಿ, ಚಹಾ ಆಗ್ಲಿ" ಎನ್ನುತ್ತಾರೆ. ಚಹಾದ ಜೊತೆ ಅವಲಕ್ಕಿ ಬರುತ್ತದೆ. ಚಪ್ಪಲಿ ಮೆಟ್ಟಿದ ಮೇಲೆ ಬಾಗಿಲಲ್ಲಿ ಹೊಸ ಮಾತು ಹುಟ್ಟುತ್ತದೆ, ಗೇಟಿನ ಬಳಿ ಇನ್ನೊಂದು. ಅದಕ್ಕೇ ನಾವು ನೆಂಟರಿಗೆ ಹೇಳುವುದು: ಧಾರವಾಡದಿಂದ ಹುಬ್ಬಳ್ಳಿಯ ರೈಲು ಹಿಡಿಯಲು ಎರಡು ತಾಸು ಬೇಕು. ಒಂದು ದಾರಿಗೆ, ಇನ್ನೊಂದು ಬೀಳ್ಕೊಡುಗೆಗೆ.